ಪಂಕ್ತಿ ನಿಲ್ಲಿಸಿದ ರಾಧಾ ಅತ್ಯಾ

ರಾಧಾ ಅತ್ಯಾ ದಿನಾ ಮುಂಜಾನೆ ದೇವರ ಮುಂದೆ ದೀಪ ಹಚ್ಚಿ, ಸ್ತೋತ್ರಗಳನ್ನೆಲ್ಲ ಮುಗಿಸಿ, ಕೊನೆಗೆ ಕೆಲವರ ಹೆಸರು ಹೇಳುತ್ತಿದ್ದಳು. ಹೊಸಬರು ಯಾರಾದರೂ ಕೇಳಿಸಿಕೊಂಡರೆ, ಇವರಿಗೆಲ್ಲ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಹಾಗಲ್ಲ. ಅವು ಅತ್ಯಾ ಕ್ಷಮಿಸದವರ ಹೆಸರುಗಳು. ಗಂಡ ಸತ್ತ ವರ್ಷವೇ ಅವಳನ್ನು ಒಂದು ಟ್ರಂಕಿನ ಸಮೇತ ಬಸ್ಸು ಹತ್ತಿಸಿ ತವರಿಗೆ ಕಳಿಸಿದ ಮಾವ, ಆ ಟ್ರಂಕಿನೊಳಗಿಂದ ರೇಷ್ಮೆ ಸೀರೆ ತೆಗೆದಿಟ್ಟುಕೊಂಡ ನಾದಿನಿ, ಮದುವೆಯ ಅಡುಗೆ ಮಾಡಿಸಿಕೊಂಡು ಬೆಲ್ಲ ಕದ್ದಳು ಎಂದು ಊರೆಲ್ಲ ಹೇಳಿಕೊಂಡು ಬಂದ ಒಬ್ಬ ದೊಡ್ಡ ಮನುಷ್ಯ.

"ಯಾಕ ಅತ್ಯಾ ದಿನಾ ಹೇಳ್ತಿ? ನಿನಗ ಮರವಾಗ್ತದೇನು?" ಎಂದು ನಾನು ಒಮ್ಮೆ ಕೇಳಿದ್ದೆ.

"ನನಗ್ಯಾಕ ಮರವಾಗ್ತದ? ದೇವರಿಗೆ ಆಗ್ತದ. ಅವಂಗ ಮಂದಿ ಭಾಳ."

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಆ ಹೆಸರುಗಳಿಗೆಲ್ಲ ಮೊದಲು ನನ್ನ ಅಪ್ಪನ ಹೆಸರು ಬಂದು ಕೂತಿತು. ಅಪ್ಪ ಎಂದರೆ ಅತ್ಯಾಳ ಒಡಹುಟ್ಟಿದ ತಮ್ಮ, ವಸಂತ. ಅವರ ತಾಯಿ ಬೇಗ ತೀರಿಕೊಂಡಿದ್ದರಿಂದ ಅತ್ಯಾಳೇ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಸ್ಲೇಟು ಕೊಡಿಸಿದ್ದು, ಮುಂಜಿ ಮಾಡಿಸಿದ್ದು, ನನ್ನ ಅವ್ವನನ್ನು ನೋಡಿ ಒಪ್ಪಿ ತಂದದ್ದು ಎಲ್ಲ ಅವಳೇ. ಅದಕ್ಕೇ ಅವಳ ಸಿಟ್ಟಿಗೆ ಬೇರೆಯವರ ಸಿಟ್ಟಿಗಿಲ್ಲದ ಹಕ್ಕಿತ್ತು.

ನಾವಿದ್ದದ್ದು ಕಮಲಾಪುರದಲ್ಲಿ. ಅತ್ಯಾ ನೋಡಲು ಸಣ್ಣ ಆಳು, ಒಣಗಿದ ಮೈ. ತೋಳುಗಳು ಮಾತ್ರ ಗಂಡಸಿನ ತೋಳು. ದೊಡ್ಡ ಹಂಡೆಯಲ್ಲಿ ಬೇಳೆ ತಿರುವಿ ತಿರುವಿ ಹಾಗಾಗಿದ್ದವು. ನಮ್ಮವರಲ್ಲಿ ಮದುವೆ ಮುಂಜಿ ಎಲ್ಲಿದ್ದರೂ, ಕಲಬುರಗಿಯಲ್ಲಿದ್ದರೂ, ಹೂರಣದ ಹೋಳಿಗೆಗೆ ಅವಳೇ ಬೇಕು. ಸಿಟ್ಟು ಬಂದಾಗ ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ಬೈಗುಳಕ್ಕೆ ಒಂದೇ ಭಾಷೆ ಅವಳಿಗೆ ಸಾಲುತ್ತಿರಲಿಲ್ಲ.

ಅಪ್ಪ ಕಲಬುರಗಿಯ ಒಂದು ಎಣ್ಣೆ ಗಿರಣಿಯಲ್ಲಿ ಹಾಜರಿ ಬರೆಯುವ ಕೆಲಸದಲ್ಲಿದ್ದ. ಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವನು ಆಮೇಲೆ ಹಬ್ಬಕ್ಕೆ ಬರತೊಡಗಿದ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಸ್ಟೇಶನ್ ಬಜಾರದ ಹಿಂದೆ ಮಾಳಿಗೆಯ ಮೇಲೊಂದು ಖೋಲಿ ಹಿಡಿದು ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ ಎಂದು ತಿಳಿದ ದಿನ ಅವ್ವ ಗೋಡೆಗೆ ಒರಗಿ ಕೂತಳು. ಅತ್ಯಾ ಅವಳನ್ನು ಎಬ್ಬಿಸಿ ವಕೀಲರ ಮನೆಗೆ ಕರೆದೊಯ್ದಳು. ಹೆಂಡತಿ ಮಗಳ ಹೊಟ್ಟೆಗೆಂದು ಅಪ್ಪನ ಪಗಾರದಲ್ಲಿ ಒಂದು ಪಾಲು ಕಡಿದು ಕೊಡಬೇಕೆಂದು ಕೋರ್ಟು ಹೇಳಿತು. ತಮ್ಮನ ಮೇಲೆ ಅಕ್ಕನೇ ಸಾಕ್ಷಿ ಹೇಳಿದ್ದು ನಮ್ಮ ಬಳಗದಲ್ಲಿ ಬಹಳ ದಿನ ಮಾತಿನ ವಿಷಯವಾಗಿತ್ತು.

ಆ ಪಾಲಿಗಿಂತ ದೊಡ್ಡದು ಇನ್ನೊಂದಿತ್ತು. ನನಗೆ ಫಿಟ್ಸ್ ಬರುತ್ತಿತ್ತು. ದಿನಾ ಗುಳಿಗೆ ನುಂಗಬೇಕು, ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರರು ಹೇಳಿದ್ದರು. ಗಿರಣಿ ಕೆಲಸಗಾರರ ಪಗಾರದಲ್ಲಿ ವಿಮೆಗೆಂದು ಒಂದಿಷ್ಟು ಹಿಡಿಯುತ್ತಿದ್ದರು. ಅದರ ಬದಲಿಗೆ ಅವರ ಹೆಂಡತಿ ಮಕ್ಕಳಿಗೆ ವಿಮಾ ದವಾಖಾನೆಯಲ್ಲಿ ಔಷಧ ಪುಕ್ಕಟೆ. ಅಪ್ಪನ ಕಾರ್ಡಿನಲ್ಲಿ ನನ್ನ ಹೆಸರಿತ್ತು. ತಿಂಗಳಿಗೊಮ್ಮೆ ಅತ್ಯಾ ನನ್ನನ್ನು ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ಬಸ್ಸಿನಲ್ಲಿ ತೂರಿಸಿಕೊಂಡು ಕಲಬುರಗಿಗೆ ಹೋಗಿ ಗುಳಿಗೆ ತರುತ್ತಿದ್ದಳು. ಅಪ್ಪ ಬಿಟ್ಟುಹೋದ ಮೇಲೂ ಅದು ನಡೆದಿತ್ತು. ಅವನ ಹೆಸರು ಗಿರಣಿಯಲ್ಲಿರುವ ತನಕ ನನ್ನ ಗುಳಿಗೆಗೆ ಭಯವಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಗಿರಣಿ ಆಳುಗಳನ್ನು ಕಡಿಮೆ ಮಾಡಿತು. ಅಪ್ಪನ ಕೆಲಸ ಹೋಯಿತು. ಕೆಲಸವಿಲ್ಲ ಎಂದು ಅವನು ಕೋರ್ಟಿಗೆ ಹೇಳಿದ, ಪಗಾರದ ಪಾಲೂ ನಿಂತಿತು. ಕೆಲವು ತಿಂಗಳು ಹಳೆಯ ಕಾರ್ಡಿನ ಮೇಲೆಯೇ ಗುಳಿಗೆ ಕೊಟ್ಟರು. ಆಮೇಲೆ ಒಂದು ದಿನ ಕಿಟಕಿಯೊಳಗಿನ ಕಂಪೌಂಡರ್ ಕಾರ್ಡು ಹಿಂದಕ್ಕೆ ಸರಿಸಿದ.

"ಬಾಯೀ, ಇದು ಬಂದ್ ಆಗ್ಯದ. ನಿಮ್ಮ ತಮ್ಮನ ಕೆಲಸಾ ಹೋಗಿ ಭಾಳ ದಿನಾ ಆತು."

"ಕೆಲಸಾ ಅವಂದು ಹೋಗ್ಯದ. ಹುಡುಗೀ ಫಿಟ್ಸ್ ಹೋಗಿಲ್ಲಲ್ಲ?"

"ನಾ ಏನ್ ಮಾಡ್ಲಿ ಹೇಳ್ರಿ? ಎಲ್ಲ್ಯಾರ ಇನ್ನೊಂದು ಕಡೆ ಅವರ ಹೆಸರು ಹಚ್ಚಿಸ್ರಿ, ಮತ್ತ ಚಾಲೂ ಆಗ್ತದ."

ಆತನ ಮೇಲೆ ಅತ್ಯಾ ಸಿಟ್ಟಾಗಲಿಲ್ಲ. ಅವ್ವ ಹೊಲಿಗೆಯಲ್ಲಿ ದುಡಿದದ್ದನ್ನು ಔಷಧದ ಅಂಗಡಿಗೆ ಕೊಟ್ಟು ಸ್ವಲ್ಪ ಗುಳಿಗೆ ತಂದಳು. ಅವು ಹೆಚ್ಚು ದಿನ ಬರಲಿ ಎಂದು ಅರ್ಧರ್ಧ ಮಾಡಿ ಕೊಡತೊಡಗಿದಳು. ಅರ್ಧ ಗುಳಿಗೆಗೆ ನನ್ನ ರೋಗ ಮೋಸಹೋಗಲಿಲ್ಲ. ಕಮಲಾಪುರದ ಸಂತೆಯ ದಿನ, ನಡು ಸಂತೆಯಲ್ಲಿ, ನಾನು ಬಿದ್ದೆ. ಎಚ್ಚರವಾದಾಗ ತಲೆ ಅತ್ಯಾಳ ತೊಡೆಯ ಮೇಲಿತ್ತು. ಅವಳ ಸೆರಗು ನನ್ನ ಜೊಲ್ಲಿನಿಂದ ಒದ್ದೆಯಾಗಿತ್ತು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಸುತ್ತ ನಿಂತ ಜನ ಈರುಳ್ಳಿ ಮೂಸಿಸಿರಿ, ಕಬ್ಬಿಣ ಹಿಡಿಸಿರಿ ಎಂದು ಕೂಗುತ್ತಿದ್ದರು. ಅತ್ಯಾ ಯಾರ ಮಾತೂ ಕೇಳದೆ ನನ್ನ ಹಣೆ ಒರೆಸುತ್ತ ಮೆಲ್ಲಗೆ ಅಪ್ಪನ ಹೆಸರು ಹೇಳುತ್ತಿದ್ದಳು. ಮುಂಜಾನೆ ದೇವರ ಮುಂದೆ ಹೇಳುವ ಅದೇ ದನಿಯಲ್ಲಿ.

ಆ ಸಂತೆಗೆ ಬಳೆ ಮಾರಲು ಬರುತ್ತಿದ್ದ ಕಲಬುರಗಿಯ ಮೋಮಿನಪುರದ ಮಹಬೂಬ ಚಾಚಾ ನನ್ನನ್ನು ಎತ್ತಿ ಮನೆಗೆ ತಂದ. ನೀರು ಕುಡಿದು ಹೊರಡುವಾಗ ಹೊಸ್ತಿಲ ಬಳಿ ನಿಂತ.

"ಬಾಯೀ, ಹೇಳಬೇಕೋ ಬ್ಯಾಡೋ ತಿಳೀವಲ್ದು. ನಿಮ್ಮ ಭಾಯಿ ಖಾಲಿ ಕುಂತಿಲ್ರೀ. ನಮ್ಮ ಮೊಹಲ್ಲಾದ ಹಮಾಲರು ಹೋಗೋ ದಾಲ್ ಮಿಲ್ಲಿನ್ಯಾಗ ತೊಗರಿ ತೂಕಾ ಬರಕೋತ ಕುಂತಿರ್ತಾರ. ರೋಜ್ ನೋಡ್ತಾರ ನಮ್ಮ ಹುಡುಗೂರು."

ಮರುದಿನವೇ ಅತ್ಯಾ ನನ್ನ ಕೈ ಹಿಡಿದುಕೊಂಡು ಸ್ಟೇಶನ್ ಬಜಾರದ ಆ ಮಾಳಿಗೆ ಹತ್ತಿದಳು. ಅಪ್ಪ ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನನ್ನ ಊದಿದ ತುಟಿ ನೋಡಿದ, ಕೇಳಲಿಲ್ಲ.

"ಕೆಲಸಾ ಸಿಕ್ಕದಂತಲ್ಲೋ ವಸ್ಯಾ?"

"ಸಿಕ್ಕದ. ಖರೆ, ಹೆಸರು ಹಚ್ಚಿಸಿಲ್ಲ. ನಾನೇ ಬ್ಯಾಡ ಅಂದೀನಿ."

"ಯಾಕ?"

"ಹೆಸರು ಹಚ್ಚಿದ್ರ ಕೋರ್ಟಿನವರಿಗೆ ಗೊತ್ತಾಗ್ತದ, ಪಗಾರಾ ಕಡೀತಾರ. ನಾ ದುಡದದ್ದು ಆಕಿಗ್ಯಾಕ ಹೋಗಬೇಕು?"

"ಆಕಿ ಮಾತು ಬಿಡು. ಹೆಸರಿಲ್ಲಂದ್ರ ಈ ಹುಡುಗೀ ದವಾಖಾನಿ ಬಂದ್."

ಅಪ್ಪ ಕಪ್ಪು ಕೆಳಗಿಟ್ಟು ನಕ್ಕ. "ಹುಡುಗಿಗೆ ನೀ ಇದ್ದೀಯಲ್ಲಕ್ಕಾ."

ಅತ್ಯಾ ನನ್ನ ಕೈ ಹಿಡಿದು ಮೆಟ್ಟಿಲು ಇಳಿದಳು. ಮನೆಗೆ ಬಂದ ಮೇಲೆ ಅವ್ವ, "ಅಕ್ಕಾ, ಹೋಗ್ಲಿ ಬಿಡ್ರಿ. ಇನ್ನೊಂದೆರಡು ಮನೀ ಹೊಲಿಗಿ ಹಿಡೀತೀನಿ" ಎಂದಳು. "ನೀ ಬಿಡು," ಎಂದಳು ಅತ್ಯಾ. "ನಾ ಬಿಡಂಗಿಲ್ಲ."

ಕೆಲವು ದಿನಗಳ ಮೇಲೆ ಕಲಬುರಗಿಯಲ್ಲಿ ಒಂದು ಮುಂಜಿ ಇತ್ತು. ಮಾಡುವವರು ಅಪ್ಪನಿದ್ದ ದಾಲ್ ಮಿಲ್ಲಿನಲ್ಲಿಯೇ ಲೆಕ್ಕ ಬರೆಯುವವರು. ಅಡುಗೆಗೆ ಎಂದಿನಂತೆ ಅತ್ಯಾಳನ್ನು ಕರೆದರು. ಅವಳು ತುಂಬಾ ಸಂತೋಷದಿಂದ ಒಪ್ಪಿಕೊಂಡು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಆ ದಿನದ ಹೋಳಿಗೆಯ ವಾಸನೆ ಓಣಿಯ ತುದಿಯವರೆಗೆ ಹೋಗಿತ್ತು. ಮೊದಲ ಪಂಕ್ತಿಯಲ್ಲಿ ಮಿಲ್ಲಿನ ಸಾಹುಕಾರರು ಕೂತರು. ಅವರೆದುರು ಸಾಲಿನಲ್ಲಿ, ಹೊಸ ಧೋತರ ಉಟ್ಟು, ಅಪ್ಪ.

ಆ ಕಾಲದಲ್ಲಿ ವಿಧವೆಯಾದವಳು ಶುಭಕಾರ್ಯದಲ್ಲಿ ಒಲೆಯ ಮುಂದೆ ಬೇಯಬಹುದಿತ್ತು, ಹಂದರಕ್ಕೆ ಬಂದು ಬಡಿಸುವಂತಿರಲಿಲ್ಲ. ಅನ್ನ, ಸಾರು, ಪಲ್ಯ ಎಲ್ಲ ಎಲೆಗಳಿಗೆ ಬಂದವು. ಅಪ್ಪನ ಎಲೆಯೊಂದನ್ನು ಬಿಟ್ಟು. ಬಡಿಸುವ ಹುಡುಗರಿಗೆ ಅತ್ಯಾ ಒಳಗೇ ಹೇಳಿಟ್ಟಿದ್ದಳು. ಉಣ್ಣುವ ಮೊದಲು ಎಲೆಯ ಸುತ್ತ ನೀರು ಬಿಡುವ ಪರಿಷೇಚನೆಗೆ ಎಲ್ಲರೂ ಕೈಗೆ ನೀರು ಹಾಕಿಕೊಳ್ಳುವಾಗ ಹೋಳಿಗೆಯ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಅತ್ಯಾಳೇ ಹೊರಗೆ ಬಂದಳು. ಅವಳು ನೆಟ್ಟಗೆ ಬಂದು ತಮ್ಮನ ಎಲೆಯ ಮುಂದೆ ನಿಂತಳು.

"ಬಡಸು ಅಕ್ಕಾ," ಎಂದ ಅಪ್ಪ, ಸಣ್ಣ ದನಿಯಲ್ಲಿ.

"ಯಾವ ಬಾಯಿಗೆ ಬಡಸ್ಲಿ? ಕೆಲಸಾ ಇಲ್ಲ ಅಂತ ಕೋರ್ಟಿಗೆ ಹೇಳಿದ ಬಾಯಿಗೋ, ಹುಡುಗಿಗೆ ನೀ ಇದ್ದೀ ಅಂತ ನನಗ ಹೇಳಿದ ಬಾಯಿಗೋ?" ಅವಳು ತಿರುಗಿ ಸಾಹುಕಾರರನ್ನು ನೋಡಿದಳು. "ಸಾವಕಾರ್ರ, ಅನ್ನದ ಮುಂದ ಕೂತೀರಿ, ಸುಳ್ಳು ಹೇಳಬ್ಯಾಡ್ರಿ. ಇಂವಾ ನಿಮ್ಮ ಮಿಲ್ಲಿನ್ಯಾಗ ಕೆಲಸಾ ಮಾಡ್ತಾನೋ ಇಲ್ಲೋ?"

ಸಾಹುಕಾರರು ಅಕ್ಕಪಕ್ಕ ನೋಡಿದರು. "ಮಾಡ್ತಾನ ಬಾಯೀ. ಈಗ್ಯಾಕ ಅದೆಲ್ಲಾ…"

"ಈಗೇ ಬೇಕು. ಇವನ ಹೆಸರು ನೀವು ಹಚ್ಚಿಲ್ಲ, ಇಂವಾ ಹಚ್ಚಸ್ಕೊಂಡಿಲ್ಲ. ನಿಮಗ ವಿಮಾ ಕಟ್ಟೋದು ಉಳೀತು, ಇವಂಗ ಹೆಂಡ್ತಿಗೆ ಕೊಡೋದು ಉಳೀತು. ಹೋದದ್ದು ಯಾರದು? ಸುಧೀ, ಬಾ ಇಲ್ಲಿ. ನಾಲಿಗಿ ತೋರಸು ಸಾವಕಾರರಿಗೆ."

ನಾನು ಅವ್ವನ ಹಿಂದೆ ನಿಂತಿದ್ದೆ. ಅವ್ವ ನನ್ನನ್ನು ತಡೆಯಲಿಲ್ಲ. ನಾನು ಹೋಗಿ ಅಷ್ಟು ಜನರ ಮುಂದೆ ಕಚ್ಚಿದ ಗಾಯವಿದ್ದ ನಾಲಿಗೆ ಚಾಚಿದೆ.

ಮನೆಯ ಯಜಮಾನರು ಓಡಿ ಬಂದು ಕೈ ಮುಗಿದರು. "ರಾಧಾಬಾಯೀ, ಪಂಕ್ತಿ ನಿಂತದ. ಮಂದಿ ಕೈಯಾಗ ನೀರು ಹಿಡಕೊಂಡು ಕೂತಾರ."

"ಕೂಡ್ಲಿ. ನನ್ನ ಹುಡುಗಿ ಸಂತ್ಯಾಗ ಬಿದ್ದಾಗ ಮಂದಿ ನಿಂತು ನೋಡ್ಯಾರ."

ಸಾಹುಕಾರರು ಹಣೆ ಒರೆಸಿಕೊಂಡರು. "ಆತು ಬಾಯೀ. ಸೋಮವಾರ ಹೆಸರು ಹಚ್ತೀನಿ. ವಿಮಾನೂ ಹಿಡೀತೀನಿ."

"ಇಷ್ಟು ಮಂದಿ ಕೇಳ್ಯಾರ," ಎಂದಳು ಅತ್ಯಾ. ಸಾಹುಕಾರರ ಎಲೆಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ಹಾಗೇ ಸಾಲು ಹಿಡಿದು ಎಲ್ಲರಿಗೂ ಬಡಿಸಿಕೊಂಡು ಬಂದಳು. ಅಪ್ಪನ ಎಲೆ ದಾಟಿ ಮುಂದೆ ಹೋದಳು. ಪಂಕ್ತಿ ಮುಗಿಯುವ ಮೊದಲು ಒಬ್ಬರೇ ಏಳುವಂತಿಲ್ಲ. ಸಾಹುಕಾರರ ಎದುರು ಎದ್ದು ಹೋಗುವ ಧೈರ್ಯವೂ ಅವನಿಗಿರಲಿಲ್ಲ. ಬೇರೆಯವರು ಉಂಡು, ತೇಗಿ, ಮಜ್ಜಿಗೆ ಕುಡಿದು ಏಳುವ ತನಕ ಅಪ್ಪ ಖಾಲಿ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ಯಾ ಅವನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅಷ್ಟು ರುಚಿಯಾದ ಹೋಳಿಗೆ ನಾನು ಮತ್ತೆಂದೂ ತಿಂದಿಲ್ಲ.

ಸಾಹುಕಾರರು ಮಾತು ಉಳಿಸಿಕೊಂಡರು. ಹೊಸ ಕಾರ್ಡು ಬಂತು, ಕಿಟಕಿಯಲ್ಲಿ ಗುಳಿಗೆ ಮತ್ತೆ ಸಿಕ್ಕವು, ಕೋರ್ಟಿನ ಪಾಲೂ ಬರತೊಡಗಿತು. ಪಂಕ್ತಿ ನಿಲ್ಲಿಸಿದವಳು ಎಂದು ಅತ್ಯಾಳನ್ನು ಬಹಳ ದಿನ ಯಾರೂ ಅಡುಗೆಗೆ ಕರೆಯಲಿಲ್ಲ. ಅವಳು ಅದಕ್ಕೆ ಮರುಗಲಿಲ್ಲ. ಕಲಬುರಗಿಗೆ ಹೋದಾಗಲೆಲ್ಲ ದಾಲ್ ಮಿಲ್ಲಿನ ಗೇಟಿನ ಮುಂದೆ ನಿಂತು, "ವಸ್ಯಾ, ಹುಡುಗಿ ಗುಳಿಗಿ ತಗೊಂಡು ಹೊಂಟದ ನೋಡು" ಎಂದು ಹಮಾಲರೆಲ್ಲ ಕೇಳುವಂತೆ ಕೂಗಿಯೇ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ನನ್ನ ಔಷಧ ಸಿಕ್ಕ ಮೇಲೆ ಅವಳ ಹಗೆ ತೀರಬಹುದೆಂದು ಬಳಗದವರು ಎಣಿಸಿದ್ದರು. ಅವರಿಗೆ ಅವಳು ಗೊತ್ತಿರಲಿಲ್ಲ. ಆ ಇನ್ನೊಬ್ಬಳು ಬಿಟ್ಟುಹೋದ ಮೇಲೆ ಅಪ್ಪ ಒಮ್ಮೆ ಹಣ್ಣಿನ ಚೀಲ ಹಿಡಿದು ಕಮಲಾಪುರಕ್ಕೆ ಬಂದ. ಅತ್ಯಾ ಚೀಲ ಇಸಿದುಕೊಂಡು, ಅವನ ಕಣ್ಣೆದುರೇ ಹಣ್ಣುಗಳನ್ನೆಲ್ಲ ಬೀದಿಯ ಎಮ್ಮೆಗೆ ತಿನ್ನಿಸಿ, ಖಾಲಿ ಚೀಲ ಮಡಚಿ ಅವನ ಕೈಗೆ ಕೊಟ್ಟು ಬಾಗಿಲು ಹಾಕಿದಳು.

ನನ್ನ ಫಿಟ್ಸ್ ದೊಡ್ಡವಳಾಗುವ ಹೊತ್ತಿಗೆ ಪೂರಾ ನಿಂತಿತು. ಕಲಬುರಗಿಯ ಒಂದು ಕಾರಖಾನೆಯ ಆಫೀಸಿನಲ್ಲಿ ನೌಕರಿ ಸಿಕ್ಕಿತು ಎಂದಾಗ ಅತ್ಯಾ ಪಗಾರ ಎಷ್ಟು ಎಂದು ಕೇಳಲಿಲ್ಲ. "ದವಾಖಾನಿ ಕಾರ್ಡು ಕೊಡ್ತಾರೇನು?" ಎಂದಳು. ಕೊಡುತ್ತಾರೆ, ಅದರಲ್ಲಿ ಅವ್ವನ ಹೆಸರು ಹಚ್ಚಬಹುದು, ನಿನ್ನದು ಬರುವುದಿಲ್ಲ ಎಂದೆ.

"ಅತ್ಯಾ ಅಂದ್ರ ಅವರ ಲೆಕ್ಕದಾಗ ಯಾರೂ ಅಲ್ಲೇನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವಳು ಹಾಸಿಗೆ ಹಿಡಿದದ್ದು ಅದಾದ ಬಹಳ ವರ್ಷಗಳ ಮೇಲೆ. ನಾನು ರಜೆ ಹಾಕಿ ಕಮಲಾಪುರದಲ್ಲೇ ಉಳಿದೆ. ಕೊನೆಯ ದಿನ ಮುಂಜಾನೆ ಅವಳಿಗೆ ಅರೆ ಎಚ್ಚರ. ನನ್ನ ಮುಂಗೈ ಹಿಡಿದುಕೊಂಡು, ನಾನೆಂದೂ ಕೇಳದ ಮೆತ್ತನೆಯ ದನಿಯಲ್ಲಿ, "ವಸ್ಯಾ ಸಾಲಿಯಿಂದ ಬಂದ್ನೇನು? ಬಿಸಲು ಭಾಳದ. ಬಾಗಲಾ ತಗಿ" ಎಂದಳು. ನಾನು ಎದ್ದು ಬಾಗಿಲು ತೆಗೆದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ತಿರುಗಿ ಬಂದು ಕೂತೆ. ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ನಿಂತಿತು.

ಸಂಜೆಯ ಬಸ್ಸಿಗೆ ಅಪ್ಪ ಬಂದ. ಮಾಡಬೇಕಾದದ್ದನ್ನೆಲ್ಲ ಅವನೇ ಮಾಡಿದ, ಮನೆಯಲ್ಲಿ ಬೇರೆ ಗಂಡಸರು ಇರಲಿಲ್ಲ. ಸುಟ್ಟು ಬಂದು, ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಹಿತ್ತಲಿನ ಕಲ್ಲಿನ ಮೇಲೆ ಕೂತ. ಮುದುಕನಾಗಿದ್ದ. ನಾನು ನೀರಿನ ತಂಬಿಗೆ ತಂದಿಟ್ಟೆ.

"ಸುಧೀ, ಕಡೀಕ ಅಕ್ಕ ಏನರ ಅಂದ್ಲೇನು? ನನ್ನ ಹೆಸರು ತಗದ್ಲೇನು?"

"ಇಲ್ಲ," ಎಂದೆ.

ಅವನು ತಲೆಯಾಡಿಸಿದ. ತಂಬಿಗೆ ಎತ್ತಿ, ಕುಡಿಯದೆ ಕೆಳಗಿಟ್ಟು ಮತ್ತೆ ಕೇಳಿದ, "ಒಮ್ಮಿನೂ ಇಲ್ಲಾ?"

"ಒಮ್ಮಿನೂ ಇಲ್ಲ," ಎಂದು ಹೇಳಿ ನಾನು ಒಳಗೆ ಹೋದೆ.