ಕಳ್ಳಿಯ ಕುಲಶೋಧನೆ

ಮತ್ತಿಕೆರೆಯ ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯವನೊಬ್ಬ ಡ್ರ್ಯಾಗನ್ ಹಣ್ಣು ಮಾರುತ್ತಾನೆ. ಅದು ಸಿಹಿಯಾಗಿದೆಯೇ ಎಂದು ಕೇಳಿದ ಗಿರಾಕಿಯನ್ನು ನಾನು ಇದುವರೆಗೆ ಕಂಡಿಲ್ಲ. ಒಳಗೆ ಕೆಂಪೋ ಬಿಳಿಯೋ ಎಂಬುದೇ ಸಕಲರ ಜಿಜ್ಞಾಸೆ. ನಾನೂ ಕೇಳುವವನೇ. ಅದರ ಮೇಲೆ, ಕೇಳುವ ಅಧಿಕಾರ ನನಗೆ ಉಳಿದವರಿಗಿಂತ ಒಂದು ತೂಕ ಹೆಚ್ಚೆಂಬ ಜಂಬವೂ ಇತ್ತು. ಏಕೆಂದರೆ ಸೋಲದೇವನಹಳ್ಳಿಯ ಕಡೆಯ ಒಂದು ಕಾಲೇಜಿನಲ್ಲಿ ಗಿಡಗಳ ಕ್ರೋಮೋಸೋಮುಗಳನ್ನು ಎಣಿಸುವುದೇ ನನ್ನ ಹೊಟ್ಟೆಪಾಡು.

ಈ ಘನಕಾರ್ಯದ ವಿಧಾನ ಸರಳ. ಎಳೆ ಬೇರಿನ ತುದಿಯನ್ನು ಕತ್ತರಿಸಿ, ಮದ್ಯಸಾರ ಬೆರೆತ ಆಮ್ಲದ ಸೀಸೆಯಲ್ಲಿ ಒಂದು ದಿನ ನೆನೆಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ಹೆಬ್ಬೆರಳಿನಿಂದ ಅದುಮಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವುದು. ಡ್ರ್ಯಾಗನ್ ಹಣ್ಣು ಬಿಡುವ ಕಳ್ಳಿಯಲ್ಲಿ ಸಾಮಾನ್ಯವಾಗಿ ಇಪ್ಪತ್ತೆರಡು ಕಾಣುತ್ತವೆ, ಎಲ್ಲವೂ ಅಕ್ಕಿನುಚ್ಚಿನಷ್ಟು ಸಮಾನರೂಪಿಗಳು. ಇಂಥದು ಇಂಥದೇ ಎಂದು ಗುರುತಿಸಿ ನಕ್ಷೆ ಬರೆಯಲು ಹೊಳೆಯುವ ಗುರುತು ಹಚ್ಚುವ ಬೇರೆಯೇ ವಿದ್ಯೆ ಬೇಕು. ನಮ್ಮಲ್ಲಿರುವುದು ನನ್ನ ಹೆಬ್ಬೆರಳು ಮಾತ್ರ. ಆದರೂ ಒಂದು ಸಂಜೆ ಮನೆ ಮಾಲೀಕರಾದ ಮುನಿರಾಜಪ್ಪನವರ ಎದುರು, ಬೇರು ನೋಡಿ ಕುಲ ಹೇಳಬಲ್ಲೆನೆಂದು ಕೊಚ್ಚಿಕೊಂಡಿದ್ದೆ.

ಮಾಕಳಿಯಲ್ಲಿ ಮುನಿರಾಜಪ್ಪನವರದೂ ಅವರ ತಮ್ಮನದೂ ಒತ್ತೊತ್ತಿಗೆ ಜಮೀನು. ಹಿಂದೆ ಕಳ್ಳಿಯನ್ನು ಬೇಲಿಗೆ ಮಾತ್ರ ನೆಡುತ್ತಿದ್ದ ಮನೆತನ ಈಗ ಬೇಲಿಯ ಒಳಗೂ ಕಳ್ಳಿಯನ್ನೇ ನೆಟ್ಟಿತ್ತು, ಮತ್ತು ತಾವು ನೆಟ್ಟ ತುಂಡುಗಳೇ ಅಪ್ಪಟ ಕೆಂಪು ತಳಿ ಎಂದು ಸಾರಿ ಸಾರಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಎರಡೂ ತೋಟದ ಬೇರುಗಳನ್ನು ಬೇರೆಬೇರೆ ಒದ್ದೆಬಟ್ಟೆಯಲ್ಲಿ ಸುತ್ತಿ ತಂದು ಮುನಿರಾಜಪ್ಪನವರೆಂದರು: "ಅವನ್ದು ಮಿಕ್ಸು, ನಮ್ದು ಪ್ಯೂರ್ ಅಂತ ಬರ್ಕೊಟ್ಬಿಡಿ ಸಾರ್, ಸಾಕು." ನಾನು ತಲೆಯಾಡಿಸಿದೆ. ಹನ್ನೊಂದು ವರ್ಷದಿಂದ ಅವರ ಮನೆಯ ಮಹಡಿಯಲ್ಲಿ ಬೆಚ್ಚಗಿದ್ದೇನೆ. ಇಲ್ಲವೆಂದರೆ ಮನೆ ಖಾಲಿ ಮಾಡಿಸಿಯಾರೆಂಬ ಹೆದರಿಕೆ.

ಆ ಮಹಡಿ ನನಗೆ ಸಿಕ್ಕ ಬಗೆಯನ್ನೂ ಹೇಳಿಬಿಡುತ್ತೇನೆ. ಬಾಗಲಕೋಟೆಯ ಕಡೆಯಿಂದ ನಾನೂ ಪರಶುರಾಮನೂ ಒಟ್ಟಿಗೆ ಈ ಕಾಲೇಜಿನ ಕೆಲಸಕ್ಕೆ ಬಂದು, ಒಟ್ಟಿಗೇ ಈ ಗೇಟಿನ ಮುಂದೆ ನಿಂತಿದ್ದೆವು. ಮಹಡಿಯಲ್ಲಿ ಎರಡು ಮನೆ ಖಾಲಿಯಿದ್ದವು. "ನೀವ್ ಯಾವ ಜನ?" ಎಂಬ ಪ್ರಶ್ನೆ ಮುಗಿಯುವ ಮೊದಲೇ ನಾನು ಗೋತ್ರಸಮೇತ ಉತ್ತರಿಸಿದೆ. ಪರಶುರಾಮನೂ ಇದ್ದದ್ದನ್ನು ಹೇಳಿದ. ನನಗೆ ಬೀಗದ ಕೈ ಬಂತು. ಇನ್ನೊಂದು ಮನೆ ನಿನ್ನೆಯೇ ಕೊಟ್ಟಾಗಿದೆ ಎಂದು ಅವನಿಗೆ ತಿಳಿಯಿತು. ನಿನ್ನೆಯೇ ಕೊಟ್ಟ ಆ ಮನೆ ಮೂರು ತಿಂಗಳು ಖಾಲಿ ಬಿದ್ದಿತ್ತು. ದಿನವೂ ಅದರ ಬಾಗಿಲು ದಾಟಿ ಹೋಗುತ್ತಿದ್ದ ನಾನು ಮಾಲೀಕರನ್ನೂ ಕೇಳಲಿಲ್ಲ, ಅವನೊಂದಿಗೂ ಆ ಮಾತೆತ್ತಲಿಲ್ಲ.

ಪ್ರಯೋಗಾಲಯದಲ್ಲಿ ಬೇರಿನ ಸೀಸೆಗಳಿಗೆ ಹೆಸರು ಬರೆಯುವಾಗ ಜೊತೆಗಿದ್ದ ಪರಶುರಾಮ ಪೆನ್ಸಿಲ್ ಕೊಟ್ಟ. ಪಂಡಿತನಾದ ನಾನು ಮಾರ್ಕರಿನಲ್ಲಿ ದಪ್ಪ ಅಕ್ಷರಗಳಲ್ಲಿ ಅಣ್ಣ, ತಮ್ಮ ಎಂದು ಬರೆದೆ. ಮದ್ಯಸಾರ ತಗುಲಿದರೆ ಮಾರ್ಕರಿನ ಶಾಯಿ ನಿಲ್ಲದೆಂದು ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಗದರಿಸುವವನೂ ನಾನೇ. ಮರುದಿನ ನೋಡಿದರೆ ಎರಡೂ ಸೀಸೆಗಳ ಮೇಲೆ ನೀಲಿ ಕಲೆ ಮಾತ್ರ ಉಳಿದಿತ್ತು. ಪರಶುರಾಮ ಎರಡನ್ನೂ ಎಣಿಸಿದ. ಅಲ್ಲಿಯೂ ಇಪ್ಪತ್ತೆರಡು, ಇಲ್ಲಿಯೂ ಇಪ್ಪತ್ತೆರಡು. ಹೆಸರು ಅಳಿಸದಿದ್ದರೂ ಈ ಲೆಕ್ಕದಿಂದ ತಳಿಭೇದ ತಿಳಿಯುತ್ತಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅವನು ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಹೇಳಿದ: "ಮನಿ ಬಾಡಿಗಿ ಕೊಡೂಮುಂದ ಕೇಳ್ತಾರಲ್ರೀ ಸರ, ಅದು ಇದರಾಗ ಕಾಣಂಗಿಲ್ಲ ನೋಡ್ರಿ."

ಹನ್ನೊಂದು ವರ್ಷ ಅವನು ಅದನ್ನು ಮರೆತಿರಲಿಲ್ಲ. ನನಗೆ ನಾಚಿಕೆಯಾಯಿತು, ಹೇಳಿಕೊಳ್ಳಲಾಗದಷ್ಟು ನಾಚಿಕೆ.

ಅಂದೇ ಮುನಿರಾಜಪ್ಪನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಎರಡೂ ಒಂದೇ ಲೆಕ್ಕ, ಇಪ್ಪತ್ತೆರಡು, ಕುಲ ಹೇಳಲು ನನ್ನಿಂದಾಗದು, ಕೊಚ್ಚಿಕೊಂಡದ್ದು ಸುಳ್ಳು. "ಇಂಗಂದ್ರೆ ಎಂಗೆ ಸಾರ್? ಕುಲ ಗೊತ್ತಿಲ್ದಿರೋ ಗಿಡ ಯಾರ್ ತಗೋತಾರೆ?" ಎಂದು ಅವರು ಮುಖ ಗಂಟಿಕ್ಕಿಕೊಂಡು ಎದ್ದರು. ನಾನು ಪೆಟ್ಟಿಗೆ ಕಟ್ಟಲು ಸಿದ್ಧನಾಗುತ್ತಿರುವಾಗಲೇ ಮಾಕಳಿಯ ತೋಟದ ಮುಂದೆ ಫಲಕ ಎದ್ದಿತು: 'ವಿಜ್ಞಾನಿಗಳು ಪರೀಕ್ಷಿಸಿದ ಶುದ್ಧ 22 ಕ್ರೋಮೋಸೋಮ್ ತಳಿ.' ನಾಲ್ಕೇ ದಿನದಲ್ಲಿ ತಮ್ಮನ ಫಲಕವೂ ಎದ್ದಿತು: 'ನಮ್ಮಲ್ಲೂ 22.' ಮನೆಯೇನೂ ಹೋಗಲಿಲ್ಲ. ಗಿಡದ ಕುಲ ತಿಳಿಯದಿದ್ದರೇನು, ನನ್ನದು ಅವರಿಗೆ ತಿಳಿದಿತ್ತಲ್ಲ.

ಮೊನ್ನೆ ಭಾನುವಾರ ತಳ್ಳುಗಾಡಿಯವನು ರೂಢಿಯಂತೆ "ಕೆಂಪಾ, ಬಿಳಿದಾ ಸಾರ್?" ಎಂದ. ಯಾವುದಾದರೂ ಸರಿ ಎಂದು ಎರಡು ಹಣ್ಣು ತೆಗೆದುಕೊಂಡು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಸೋಲದೇವನಹಳ್ಳಿಯಲ್ಲಿರುವ ಪರಶುರಾಮನ ಮನೆಗೆ ಹೋದೆ. ಆ ಮೂರು ತಿಂಗಳ ಖಾಲಿ ಮನೆಯ ಮಾತನ್ನೂ ನಾನೇ ಎತ್ತಿದೆ. ಅವನು ಒಳಗಿನಿಂದ ಚಾಕು ತಂದ.

"ಒಳಗ ಯಾವ ಬಣ್ಣ ಅಂತ ಕೇಳಿ ತಂದ್ರೇನು?"

"ಇಲ್ಲ, ಕೇಳಲಿಲ್ಲ."

"ಭಾಳ ತಡಾ ಆತ್ ಬಿಡ್ರಿ," ಎಂದು ಹಣ್ಣು ಕೊಯ್ದು, ಮೊದಲ ಹೋಳನ್ನು ನನ್ನ ಕಡೆ ಸರಿಸಿದ.