ಕರಿ ವೈರು ನಡುವೆ

ಮಧುಗಿರಿಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟಿಗೆ ಎಂಬತ್ತರ ದಶಕದ ಕೊನೆಯಲ್ಲಿ ಒಂದು ಕಂಪ್ಯೂಟರ್ ಬಂತು. ಇನ್‌ಸ್ಟಿಟ್ಯೂಟು ಅಂದರೆ ಎರಡು ಕೋಣೆ, ಹನ್ನೊಂದು ಟೈಪ್‌ರೈಟರು, ಕಲಿಸುವವಳು ನಾನೊಬ್ಬಳೇ. ಆದರೂ ಅದರ ಒಡೆಯರನ್ನು 'ಪ್ರಿನ್ಸಿಪಾಲ್ ಸಾರ್' ಅನ್ನದಿದ್ದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

"ಕಂಪ್ಯೂಟರ್ ಕ್ಲಾಸು ಯಾರಿಗೆ ಕೊಡೋದು ಅಂತ ಹಬ್ಬ ಆದ್ಮೇಲೆ ಯೋಚನೆ ಮಾಡೋಣ" ಅಂದಿದ್ದರು. ಯಾರಿಗೆ ಅಂದರೇನು ಅರ್ಥ? ಅಲ್ಲಿ ಇನ್ಯಾರಿದ್ದರು, ಗೋಡೆ ಮೇಲಿನ ಹಲ್ಲಿಯೇ? ಆರು ವರ್ಷ ಹುಡುಗರಿಂದ 'ಎ ಎಸ್ ಡಿ ಎಫ್' ಹೊಡೆಸಿ ಹೊಡೆಸಿ ನನ್ನ ಕಿವಿ ತೂತು ಬಿದ್ದಿತ್ತು. ಆ ಕ್ಲಾಸು ನನಗೆ ಬೇಕೇ ಬೇಕಿತ್ತು.

ಆಯುಧಪೂಜೆ ಬಂತು. ನಮ್ಮಲ್ಲಿ ಯಾವ ಯಂತ್ರವನ್ನೂ ಇದ್ದ ಹಾಗೇ ಪೂಜೆಗೆ ಇಡುವ ಪದ್ಧತಿಯಿರಲಿಲ್ಲ. ಬಿಚ್ಚಬೇಕು, ಒರೆಸಬೇಕು, ಮತ್ತೆ ಜೋಡಿಸಬೇಕು. ಟೈಪ್‌ರೈಟರುಗಳಿಗೆ ಸೀಮೆಎಣ್ಣೆ ಸ್ನಾನ ಆದ ಮೇಲೆ ಪ್ರಿನ್ಸಿಪಾಲರು ಕಂಪ್ಯೂಟರ್ ಕಡೆ ಕೈ ತೋರಿಸಿದರು. "ಅದೇನು ಪಾಪ ಮಾಡಿದೆ ಅಂತ ಬಿಡ್ತೀಯ? ಬಿಚ್ಚಮ್ಮ."

ಬಿಚ್ಚಿದೆ. ಬಿಚ್ಚೋದೇನು ದೊಡ್ಡ ವಿಷಯ! ಒಳಗೆ ಮದರ್‌ಬೋರ್ಡ್ ಅನ್ನುವ ಹಸಿರು ಹಲಗೆ, ಮೂಲೆಯಲ್ಲಿ ಕರೆಂಟು ಕೊಡುವ ತಗಡಿನ ಡಬ್ಬಿ. ಡಬ್ಬಿಯಿಂದ ಹೊರಟ ಎರಡು ಬಿಳಿ ಪ್ಲಗ್ಗುಗಳು ಹಲಗೆಯ ಮೇಲೆ ಅಕ್ಕಪಕ್ಕ ಕೂತಿದ್ದವು. ಒಂದೊಂದಕ್ಕೆ ಆರಾರು ವೈರು. ಎರಡನ್ನೂ ಕಿತ್ತು, ಅಡಿಯ ಧೂಳನ್ನು ಕೋಳಿ ಪುಕ್ಕದಿಂದ ಒರೆಸಿದೆ. ಮತ್ತೆ ಹಾಕಲು ಹೋದಾಗ ನೋಡುತ್ತೇನೆ, ಎರಡೂ ಪ್ಲಗ್ಗು ಒಂದೇ ಥರ! ಯಾವುದು ಎಡಕ್ಕಿತ್ತು, ಯಾವುದು ಬಲಕ್ಕಿತ್ತು? ಬೆಂಗಳೂರಿನಿಂದ ಬಂದು ಕೂಡಿಸಿಕೊಟ್ಟ ಮೆಕ್ಯಾನಿಕ್ ಅದನ್ನು ಹೇಳುತ್ತಿದ್ದಾಗ ನಾನು ಅವನ ಪ್ಯಾಂಟಿನ ನೆರಿಗೆ ಎಣಿಸುತ್ತಿದ್ದೆ.

ಒಂದೊಂದು ಪ್ಲಗ್ಗಿನ ಒಂದು ತುದಿಯಲ್ಲಿ ಎರಡೆರಡು ಕರಿ ವೈರು. ಒಂದು ರೀತಿ ಹಾಕಿದರೆ ನಾಲ್ಕೂ ಕರಿ ನಡುವೆ ಒಟ್ಟಿಗೆ ಬರುತ್ತವೆ. ಅದಲು ಬದಲು ಹಾಕಿದರೆ ಎರಡು ಈ ತುದಿಗೆ, ಎರಡು ಆ ತುದಿಗೆ.

ಪ್ರಿನ್ಸಿಪಾಲರು ಕನ್ನಡಕ ಏರಿಸಿ ನೋಡಿ, ತಾವೇ ಎರಡೂ ಪ್ಲಗ್ಗು ಒತ್ತಿ ಕೂಡಿಸಿದರು. ಕರಿ ಎರಡೂ ತುದಿಗೆ. "ನೋಡಮ್ಮ, ನಡುವೆ ಕೆಂಪು, ಹಳದಿ, ಬಿಳಿ. ಅರಿಶಿನ, ಕುಂಕುಮ, ವಿಭೂತಿ ಮೂರೂ ಇವೆ. ಕರಿ ಈ ಕಡೆ ಆ ಕಡೆ ದೃಷ್ಟಿಗೆ. ಕರಿದು ಅಪಶಕುನ, ಶುಭದ ನಡುವೆ ಯಾರಾದರೂ ಇಡ್ತಾರ?"

ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಮಿಡಿಗೇಶಿ ಕಡೆಯ ಕುರಿ ಕಾಯುವವರು, ಕಂಬಳಿ ನೇಯುವವರು. ನಮ್ಮ ಮನೆಯಲ್ಲಿ ಕರಿ ಕಂಬಳಿಯ ಗದ್ದಿಗೆಯನ್ನು ನಡುಮನೆಯಲ್ಲಿ ಹಾಸದೆ ಮದುವೆ ಶುರುವಾಗುವುದಿಲ್ಲ. ಕರಿದು ಅಪಶಕುನವಂತೆ! "ಇಲ್ಲ ಸಾರ್, ಕರಿ ನಡುವೇ ಬರಬೇಕು" ಅಂದು ಎರಡೂ ಪ್ಲಗ್ಗು ಕಿತ್ತು ಬದಲಾಯಿಸಿಬಿಟ್ಟೆ.

"ಗೊತ್ತಿದ್ದು ಹೇಳ್ತಿದ್ದೀಯಾ?"

"ಗೊತ್ತು ಸಾರ್."

ಏನೂ ಗೊತ್ತಿರಲಿಲ್ಲ. ಬರೀ ಸಿಟ್ಟು.

"ಸುಟ್ಟರೆ ನಾಳೆಯಿಂದ ನೀನು ಬರಬೇಡ."

"ಸುಡದಿದ್ದರೆ ಕ್ಲಾಸು ನನ್ನದು" ಅಂದೆ. ಬಾಯಿ ಸುಮ್ಮನಿದ್ದರೆ ತಾನೆ! ಅವರೂ "ಆಗಲಿ, ನಿನ್ನದೇ" ಅಂದುಬಿಟ್ಟರು.

ಅಷ್ಟರಲ್ಲಿ ಕರೆಂಟು ಹೋಯಿತು. ಅದೊಂದು ದಿನ ನಾನು ಕರೆಂಟು ಇಲಾಖೆಗೆ ಮನಸಾರೆ ಕೈಮುಗಿದೆ. ಅದೇ ಹೊತ್ತಿಗೆ ನಮ್ಮಪ್ಪ ಬಾಗಿಲಲ್ಲಿ ನಿಂತಿದ್ದ, ಹೆಗಲ ಮೇಲೊಂದು ಹೊಸ ಕಂಬಳಿ. ಹೊಸ ಯಂತ್ರಕ್ಕೆ ಧೂಳು ಆಗುವುದಿಲ್ಲ ಅಂತ ನಾನು ಊರಿಗೆ ಹೋದಾಗ ಹೇಳಿದ್ದೆ. ಹೊದಿಸುವುದಕ್ಕೆಂದು ತಾನೇ ನೇಯ್ದು ಬಸ್ಸಿನಲ್ಲಿ ತಂದಿದ್ದ.

"ಅಪ್ಪಾ, ಇಲ್ಲೇ ಕುಂತ್ಕೊ. ನಾ ಬರೋಗಂಟ ಇದನ್ನ ಯಾರ್ಗೂ ಮುಟ್ಟೋಕೆ ಬುಡಬ್ಯಾಡ" ಅಂದವಳೇ ಟೆಲಿಫೋನ್ ಎಕ್ಸ್‌ಚೇಂಜಿಗೆ ಓಡಿದೆ. ಅಲ್ಲೂ ಬೋರ್ಡಿನ ಮೇಲೆಲ್ಲ ಸೇವಂತಿಗೆ. ಮೆಕ್ಯಾನಿಕ್‌ನ ಅಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆ. ಆಪರೇಟರಮ್ಮ ಪೂಜೆಯ ಚರುಪು ಕೊಟ್ಟರು, ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡೆ. ನಾಳೆಯಿಂದ ಊರಿಗೆ ಹೋಗಿ ಕುರಿ ಉಣ್ಣೆ ಹಿಂಜುತ್ತಾ ಕೂರುವುದೇ ಗತಿ ಅನಿಸಿ ಅಳು ಬಂತು. ಎರಡು ಗಂಟೆ ಆದ ಮೇಲೆ ಲೈನು ಸಿಕ್ಕಿತು.

"ಕರಿ ನಾಲ್ಕೂ ನಡುವೆ, ಅಕ್ಕಪಕ್ಕ ಬರಬೇಕು ಮೇಡಂ" ಅಂದ ಮೆಕ್ಯಾನಿಕ್. "ಉಲ್ಟಾ ಹಾಕಿ ಸ್ವಿಚ್ ಒತ್ತೀರಾ, ಮದರ್‌ಬೋರ್ಡ್ ಹೋಗುತ್ತೆ. ಹೊಗೆ ಬಂದ್ಮೇಲೆ ನನಗೆ ಫೋನ್ ಮಾಡಬೇಡಿ!"

ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದೆ. ಬೀದಿಯಲ್ಲಿ ಮೈಕು ಕೂಗುತ್ತಿತ್ತು, ಅಂದರೆ ಕರೆಂಟು ಬಂದಿತ್ತು. ಪ್ರಿನ್ಸಿಪಾಲರು ಪ್ಲಗ್ಗು ಮತ್ತೆ ಬದಲಾಯಿಸಿ ಸ್ವಿಚ್ ಒತ್ತಿಬಿಟ್ಟಿದ್ದರೆ?

ಒಳಗೆ ನೋಡಿದರೆ ಕಂಪ್ಯೂಟರಿನ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ಎರಡೂ ಕೈಯಿಟ್ಟು ನಮ್ಮಪ್ಪ ಸ್ಟೂಲಿನ ಮೇಲೆ ಕೂತಿದ್ದಾನೆ. ಎದುರಿಗೆ ಪ್ರಿನ್ಸಿಪಾಲರು, ಕೈಯಲ್ಲಿ ಆರಿಹೋದ ಮಂಗಳಾರತಿ ತಟ್ಟೆ.

"ನನ್ನ ಕಂಪ್ಯೂಟರ್ ನನಗೇ ಮುಟ್ಟಿಸ್ತಿಲ್ಲ ಕಣಮ್ಮ ನಿಮ್ಮಪ್ಪ! ರಾಹುಕಾಲ ಬಂದು ಹೋಯ್ತು."

"ಬೈಕಳ್ಳಿ ಬುಡವ್ವ, ಪಾಪ" ಅಂದ ಅಪ್ಪ. ಜಾಗ ಬಿಟ್ಟು ಏಳಲಿಲ್ಲ.

ಮೆಕ್ಯಾನಿಕ್ ಹೇಳಿದ್ದನ್ನು ಒಪ್ಪಿಸಿದೆ. ಕಂಬಳಿ ಸರಿಸಿದೆ. ಕರಿ ನಾಲ್ಕೂ ನಡುವೆ ಹಾಗೇ ಇದ್ದವು. ಮುಚ್ಚಳ ಹಾಕಿ, ಕಣ್ಣು ಮುಚ್ಚಿ ಸ್ವಿಚ್ ಒತ್ತಿದೆ. ಫ್ಯಾನು ಗುಂಯ್ ಅಂದಿತು, ಒಂದು ಕುಂಯ್ ಅಂತ ಸದ್ದು, ಪರದೆಯ ಮೇಲೆ ಹಸಿರು ಅಕ್ಷರ!

"ನಾನೂ ಅದನ್ನೇ ಹೇಳ್ತಿದ್ದೆ, ಕರಿ ಇರಬೇಕು ಅಂತ" ಅಂದರು ಪ್ರಿನ್ಸಿಪಾಲರು. ಅಬ್ಬಾ, ಏನು ಮನುಷ್ಯ! ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ವಿಜಯದಶಮಿಯ ದಿನ ಮೊದಲ ಕ್ಲಾಸು ನನ್ನಿಂದಲೇ ಮಾಡಿಸಿದರು.

ಪೂಜೆಯ ದಿನ ಸಂಜೆಯೇ ಅಪ್ಪನನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಮಧ್ಯಾಹ್ನ ಅವನು ಉಂಡಿರಲಿಲ್ಲ, ಒಂದಕ್ಕೂ ಎದ್ದಿರಲಿಲ್ಲ. ಬಸ್ ಸ್ಟ್ಯಾಂಡ್ ಗೋಡೆಯ ಹಿಂದೆ ಹೋಗಿ ಬಂದವನ ಮುಖದಲ್ಲಿ ದೊಡ್ಡ ನೆಮ್ಮದಿ. ಹೋಟೆಲಿನಿಂದ ಕಟ್ಟಿಸಿಕೊಂಡ ಇಡ್ಲಿ ಪೊಟ್ಟಣ ಅವನ ಕೈಗಿಟ್ಟು ಕೇಳಿದೆ, "ಅಪ್ಪಾ, ನಾನು ಹಾಕಿದ್ದೇ ಸರಿ ಅಂತ ನಿಂಗೆ ಅಷ್ಟು ಧೈರ್ಯ ಹೆಂಗೆ ಬಂತು?"

"ಧೈರ್ಯ ಎಲ್ಲೈತವ್ವ?" ಅಂದ ಅಪ್ಪ. "ಓಡೋಗೋವಾಗ ನಿನ್ ಮಕ ನೋಡ್ದೆ. ನಿಂಗೂ ಗೊತ್ತಿಲ್ಲ ಅಂತ ಅವಾಗ್ಲೇ ಗೊತ್ತಾಯ್ತು. ಅದ್ಕೇ ಕುಂತ್ಕಂಡೆ."