ಅಜ್ಜಿಯ ಸೊಂಟಕ್ಕೆ ಮತ್ತೆ ಪಿಕ್ಕಿಂಗ್ ಚೀಲ

ಅಜ್ಜಿ ಎರಡನೇ ಸಲ ಬಿದ್ದಾಗ ಬಿಸಿನೀರಿನ ಚೊಂಬು ಕೊಟ್ಟಿಗೆಯ ಬಾಗಿಲವರೆಗೂ ಉರುಳಿಕೊಂಡು ಹೋಯಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ!

ನನಗೀಗ ಎಂಬತ್ತು ದಾಟಿದೆ. ಆಗ ಹತ್ತು ವರ್ಷ, ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ.

ಮಾದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಅಪ್ಪ ರೈಟರ್. ಹೆಂಗಸರು ಕುಯ್ದು ತಂದ ಕಾಫಿಹಣ್ಣಿನ ತೂಕ ಬರೆದುಕೊಳ್ಳುವುದು ಅವರ ಕೆಲಸ. ನಮ್ಮ ಮನೆಯೂ ತೋಟದೊಳಗೇ ಇತ್ತು.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಹಾಸನದ ಕಡೆಯಿಂದ ಬಂದು ಅದೇ ತೋಟದಲ್ಲಿ ಮೂವತ್ತು ವರ್ಷ ಕಾಫಿ ಕುಯ್ದವರು. ಅಪ್ಪ ರೈಟರ್ ಆದ ಮೇಲೆ ಕೆಲಸ ಬಿಡಿಸಿದರು. ಆಮೇಲೆ ಅವರ ಜೀವವೆಲ್ಲ ನಮ್ಮ ಹಸು ಕೆಂಪಿಯ ಮೇಲೆ.

ಅಡುಗೆಮನೆಯ ಹಿಂಬಾಗಿಲಿಂದ ಕೊಟ್ಟಿಗೆಗೆ ಇಪ್ಪತ್ತು ಹೆಜ್ಜೆ. ಸ್ವಲ್ಪ ಇಳಿಜಾರು, ಹಾಸುಗಲ್ಲು, ಮಳೆ ಕಡಿಮೆಯಾದರೂ ಹೋಗದ ಪಾಚಿ... ಅಲ್ಲೇ ಎರಡು ಸಲವೂ ಜಾರಿದ್ದು.

ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಅಪ್ಪ ಹೆದರಿಬಿಟ್ಟರು.

"ಸಾಕು ಕಣವ್ವ. ಭಾನ್ವಾರ ಕೆಂಪೀನ ಇವ್ಳ ಮಾವನ ಮನೇಗೆ ಹೊಡುಸ್ಬುಡ್ತೀನಿ. ನೀನು ಒಳ್ಗೇ ಕೂತ್ಕೊ."

ಬೈಗುಳಕ್ಕೆ ಕೂಲಿಯವರ ಲೈನ್‌ಮನೆಗಳಿಗೆಲ್ಲ ಹೆಸರಾದ ಅಜ್ಜಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ನನಗಂತೂ ಅಳು ತಡೆಯಲಾಗಲಿಲ್ಲ.

ಶುಕ್ರವಾರ ಅಪ್ಪನಿಗೆ ಬುತ್ತಿ ಕೊಡಲು ತೋಟಕ್ಕೆ ಹೋದೆ. ಜಿಟಿಜಿಟಿ ಮಳೆ, ಆ ವರ್ಷದ ಕಾಫಿ ಕುಯ್ಲಿನ ಮೊದಲ ಪಿಕ್ಕಿಂಗ್. ಕಡಿದಾದ ಜಾಗದಲ್ಲಿ ಹಿಡಿದುಕೊಂಡು ಹತ್ತಿ ಇಳಿಯಲು ಸಿಲ್ವರ್ ಓಕ್ ಮರದಿಂದ ಮರಕ್ಕೆ ಹಗ್ಗ ಕಟ್ಟಿದ್ದರು.

ಮೇಲಿನಿಂದ ಪುಟ್ಟಮ್ಮಜ್ಜಿ ಇಳಿದು ಬರುತ್ತಿದ್ದರು. ನಮ್ಮಜ್ಜಿಯ ಜೊತೆಗಾತಿ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಆ ಜಾರುಮಣ್ಣಿನಲ್ಲಿ ಮೇಕೆಯ ಹಾಗೆ ಸರಸರ ಇಳಿಯುತ್ತಿದ್ದಾರೆ!

"ಅಜ್ಜಿ, ನೀವು ಬೀಳಲ್ವಾ?" ಅಂದೆ.

"ಬೀಳಕ್ಕೆ ಪುರುಸೊತ್ತೆಲ್ಲೈತೆ ಮಗಾ? ಚೀಲ ಸೊಂಟುಕ್ಕೆ, ಕೈ ಹಗ್ಗುಕ್ಕೆ. ನಿಮ್ಮಜ್ಜೀನೇ ಅಲ್ವಾ ನಂಗೆ ಕಲ್ಸಿದ್ದು!"

ನಾನು ಅವರ ಕೈಗಳನ್ನೇ ನೋಡುತ್ತಾ ನಿಂತೆ. ಹಗ್ಗ ಬಿಟ್ಟರೆ ಎರಡೂ ಖಾಲಿ.

ನಮ್ಮಜ್ಜಿ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವಾಗ? ಒಂದು ಕೈಯಲ್ಲಿ ಬಿಸಿನೀರಿನ ಚೊಂಬು, ಇನ್ನೊಂದರಲ್ಲಿ ಬೂಸಾ ಕಲಸಿದ ಪಾತ್ರೆ. ಕಾಲು ಜಾರಿದರೆ ಹಿಡಿದುಕೊಳ್ಳಲು ಕೈ ಎಲ್ಲಿದೆ?

ಬುತ್ತಿ ಕೊಟ್ಟೆನೋ ಎಸೆದೆನೋ ನೆನಪಿಲ್ಲ. ಒಂದೇ ಓಟ ಮನೆಗೆ!

ಏದುಸಿರು ಬಿಡುತ್ತಾ ಅಜ್ಜಿಗೆ ಅದನ್ನೇ ಹೇಳಿದೆ. ಅಜ್ಜಿ ಎದ್ದು ಕೂತು ಹಣೆ ಚಚ್ಚಿಕೊಂಡರು. "ಅಯ್ಯೋ ನನ್ ಬುದ್ಧಿಗಿಷ್ಟು! ತೋಟದಲ್ಲಿದ್ದ ಬುದ್ಧಿ ಮನೇಗೆ ಬರ್ಲಿಲ್ವಲ್ಲೇ."

ಶನಿವಾರ ಅಮ್ಮ ಬೂದಿ ಹಾಕಿ ಒಂದೊಂದು ಕಲ್ಲನ್ನೂ ತಿಕ್ಕಿ ಪಾಚಿ ತೆಗೆದರು. ಪುಟ್ಟಮ್ಮಜ್ಜಿ ಮೇಸ್ತ್ರಿಯನ್ನು ಕೇಳಿ ಹಳೇ ಹಗ್ಗ ತಂದುಕೊಟ್ಟರು. ಹಿಂಬಾಗಿಲ ಕಂಬದಿಂದ ಕೊಟ್ಟಿಗೆಯ ಕಂಬಕ್ಕೆ, ಸೊಂಟದೆತ್ತರಕ್ಕೆ ಅಮ್ಮ ಅದನ್ನು ಕಟ್ಟಿದರು.

ಅಜ್ಜಿ ಎಳೆದು ನೋಡಿ, "ಇದೇನು ಬಟ್ಟೆ ಒಣಗ್ಹಾಕಕ್ಕಾ?" ಎಂದು ಗಂಟು ಬಿಚ್ಚಿ, ತೋಟದ ಗಂಟು ತಾವೇ ಹಾಕಿದರು. ಬೈಗುಳ ವಾಪಸ್ ಬಂತು ಎಂದು ನನಗೆ ಎಷ್ಟು ಖುಷಿ ಗೊತ್ತಾ!

ಭಾನುವಾರ ಬೆಳಿಗ್ಗೆ ಮಾವ, ಅಂದರೆ ಅಮ್ಮನ ಅಣ್ಣ, ಊರಿಂದ ಬಂದೇಬಿಟ್ಟರು, ಕೆಂಪಿಯನ್ನು ಕರೆದೊಯ್ಯಲು. ಅಪ್ಪ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು.

ಅಜ್ಜಿ ಮೊಳೆಯಲ್ಲಿ ನೇತಾಡುತ್ತಿದ್ದ ಹಳೇ ಪಿಕ್ಕಿಂಗ್ ಚೀಲ ಸೊಂಟಕ್ಕೆ ಕಟ್ಟಿಕೊಂಡರು. ಅದರೊಳಗೆ ಹಾಲಿಗೆಂದು ಮುಚ್ಚಳದ ಪಾತ್ರೆ. ಬೂಸಾ, ನೀರು ಎಲ್ಲವನ್ನೂ ಅಮ್ಮ ಮೊದಲೇ ಕೊಟ್ಟಿಗೆಗೆ ಸಾಗಿಸಿದ್ದರು.

ಒಂದು ಹೆಜ್ಜೆ, ಎರಡು, ಮೂರು... ನಾನು ಉಸಿರು ಬಿಗಿಹಿಡಿದು ಎಣಿಸುತ್ತಿದ್ದೇನೆ.

ಹನ್ನೊಂದನೇ ಹೆಜ್ಜೆಗೆ ಕಾಲು ಸರಕ್ಕೆಂದು ಜಾರಿತು!

ಅಪ್ಪ "ಅವ್ವಾ" ಎಂದು ಮುಂದೆ ಬರುವಷ್ಟರಲ್ಲಿ ಅಜ್ಜಿಯ ಎರಡೂ ಕೈ ಹಗ್ಗದ ಮೇಲಿದ್ದವು. ಹಗ್ಗ ಬಿಗಿಯಾಯಿತು, ಅಜ್ಜಿ ಬೀಳಲಿಲ್ಲ. ಸೆರಗು ಸರಿ ಮಾಡಿಕೊಂಡು ಏನೂ ಆಗದವರಂತೆ ಮುಂದೆ ನಡೆದರು.

ಒಳಗಿನಿಂದ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿತು. ನಾನು ಅಂಗಳದಲ್ಲೇ ಕುಣಿದೆ!

ಹಾಗೇ ಹಗ್ಗ ಹಿಡಿದು ವಾಪಸ್ ಬಂದ ಅಜ್ಜಿ ಸೊಂಟದ ಚೀಲ ಬಿಚ್ಚಿ, ನೇರ ಅಪ್ಪನ ಮುಂದೆ ಹಿಡಿದರು.

"ತಗೊಳ್ಳಿ ರೈಟ್ರೇ, ತೂಕ ಹಾಕ್ಕೊಳ್ಳಿ."

ಅಪ್ಪ ನಕ್ಕರು, ಕಣ್ಣೂ ಒರೆಸಿಕೊಂಡರು. ಮಾವ ಕೆಂಪಿಯ ಹಾಲಿನಲ್ಲೇ ಮಾಡಿದ ಕಾಫಿ ಕುಡಿದು, ಬಂದ ಹಾಗೇ ಬರಿಗೈಯಲ್ಲಿ ಊರಿಗೆ ಹೋದರು. ಅಜ್ಜಿ ಆಮೇಲೆ ಇನ್ನೂ ಆರು ವರ್ಷ ಹಾಲು ಕರೆದರು. ಆ ದಾರಿಯಲ್ಲಿ ಮತ್ತೆ ಒಂದು ಸಲವೂ ಬೀಳಲಿಲ್ಲ!

ಇಷ್ಟೆಲ್ಲ ಈಗ ಯಾಕೆ ಹೇಳಿದೆ ಅಂದರೆ, ನಿನ್ನೆ ಮಗ ನಮ್ಮ ಬಾತ್‌ರೂಮಿನ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ರಾಡ್ ಹಾಕಿಸಿಕೊಟ್ಟ. ನಾನೋ, ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ಫೋನ್ ಹಿಡಿದು ಒಳಗೆ ಹೊರಟಿದ್ದೆ! ಬಾಗಿಲಲ್ಲೇ ಅಜ್ಜಿಯ ಬೈಗುಳ ಕೇಳಿಸಿದಂತಾಗಿ ನಿಂತುಬಿಟ್ಟೆ.

ನಿಮ್ಮ ಮನೆಯ ಹಿರಿಯರು ಎದ್ದು ಓಡಾಡುವಾಗ ಅವರ ಕೈಯಲ್ಲಿ ಏನಿರುತ್ತದೆ, ಯಾವತ್ತಾದರೂ ನೋಡಿದ್ದೀರಾ?